ನಯ ಮೇಷ್ಟ್ರು

‘ಒರಟು’ ಪದಕ್ಕೆ ವಿರುದ್ಧ ಪದ ಬರೆಯಿರಿ. ಒಂದು ಅಂಕ.

ಒಂಬತ್ತನೇ ಕ್ಲಾಸಿನ ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ಬಂದ ಪ್ರಶ್ನೆ. ಗೈಡಿನಲ್ಲಿ ‘ನಯ’ ಎಂದಿತ್ತು. ಎಲ್ಲರೂ ಅದನ್ನೇ ಬರೆದೆವು, ಎಲ್ಲರಿಗೂ ಅಂಕ ಬಂತು. ಉತ್ತರ ಪತ್ರಿಕೆ ಹಂಚಿ ಮುಗಿದ ಮೇಲೆ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ‘ಒರಟು’ ಎಂದು ದೊಡ್ಡದಾಗಿ ಬರೆದರು. ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ನಮ್ಮ ಕಡೆ ತಿರುಗಿ, “ಅಂಕ ಕೊಟ್ಟಾಯ್ತಪ್ಪ. ಈಗ ಉತ್ತರ ಹುಡುಕೋಣವಾ?” ಎಂದರು.

ಆ ಉತ್ತರವನ್ನು ಆ ವರ್ಷ ಪೂರ್ತಿ ಹುಡುಕಿದೆವು. ಎಸ್ಸೆಸ್ಸೆಲ್ಸಿಗೆ ಬಂದ ಮೇಲೂ ಬಿಡಲಿಲ್ಲ. ಆಗ ಪಠ್ಯದಲ್ಲಿ ಯಾವ ಯಾವ ಪಾಠ ಇತ್ತು ಎಂದು ಇವತ್ತು ಯಾರಾದರೂ ಕೇಳಿದರೆ ನನಗೆ ನೆಟ್ಟಗೆ ಹೇಳಲು ಬರುವುದಿಲ್ಲ. ಸಮಾಜ, ವಿಜ್ಞಾನ ಎಲ್ಲ ಎಲ್ಲೋ ಸೋರಿಹೋದವು. ಈ ಒಂದು ಅಂಕದ ಪ್ರಶ್ನೆ ಮಾತ್ರ ಹಾಗೇ ಉಳಿದುಕೊಂಡಿದೆ.

ಮೇಷ್ಟ್ರು ಈ ವರ್ಷ ತೀರಿಕೊಂಡರು. ತುಂಬಿದ ಜೀವ. ಶಾಲೆಯ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಬರೆದುಕೊಡಿ ಎಂದು ಕೇಳಿದಾಗ ನನಗೆ ಬೇರೆ ವಿಷಯ ಹೊಳೆಯಲೇ ಇಲ್ಲ.

ನಮ್ಮದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕು. ಓದುವವರಿಗೆ ಊರು ಗೊತ್ತೇ ಇದೆ, ಆದರೂ ಇವತ್ತಿನ ಮಕ್ಕಳಿಗೆ ಸ್ವಲ್ಪ ಹೇಳಬೇಕು. ಆಗ ಕ್ಲಾಸಿನಲ್ಲಿ ಕೂತವರಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಮಾತಾಡುವವರು. ಹೆಂಚಿನ ಕಾರ್ಖಾನೆ ಕೂಲಿಗಳ ಮಕ್ಕಳು, ರಾಗಿ ಹೊಲದವರ ಮಕ್ಕಳು, ಒಬ್ಬ ಟೈಲರ್ ಮಗ, ಶಿವಾರಪಟ್ಟಣದ ಶಿಲ್ಪಿಗಳ ಮನೆಯ ಒಬ್ಬ ಹುಡುಗ. ಹೊರಗಿನವರು ನಮ್ಮ ಕಡೆಯ ಮಾತು ಕೇಳಿ “ನಿಮ್ಮ ಕನ್ನಡ ಒರಟು ಕಣ್ರೀ” ಎನ್ನುತ್ತಿದ್ದರು. ಈಗಲೂ ಎನ್ನುತ್ತಾರೆ. ಮೇಷ್ಟ್ರು ಮುಳಬಾಗಿಲು ಕಡೆಯವರು, ಅವರ ಮನೆಮಾತೂ ತೆಲುಗೇ. “ನನಗೂ ಕನ್ನಡ ಶಾಲೆಯಲ್ಲೇ ಬಂದಿದ್ದು. ಅದಕ್ಕೇ ಒಂದೊಂದು ಮಾತನ್ನೂ ನೋಡಿಕೊಂಡು ಇಡ್ತೀನಿ” ಎನ್ನುತ್ತಿದ್ದರು.

ಬೋರ್ಡಿನ ಮೇಲಿನ ‘ಒರಟು’ ವಿಷಯಕ್ಕೆ ಬರುತ್ತೇನೆ. “ಒರಟು ಕಲ್ಲು. ಇದರ ವಿರುದ್ಧ ಏನು?” ಎಂದು ಮೊದಲು ಕೇಳಿದರು. “ನಯವಾದ ಕಲ್ಲು ಸಾರ್” ಎಂದೆವು. ಶಿವಾರಪಟ್ಟಣದ ಹುಡುಗ ಎದ್ದುನಿಂತು, “ನುಣುಪು ಸಾರ್. ನಮ್ಮಪ್ಪ ಹಂಗೇ ಅನ್ನೋದು” ಎಂದ. ಮೇಷ್ಟ್ರು ಅವನನ್ನು ಬೋರ್ಡಿನ ಹತ್ತಿರ ಕರೆದರು. ಕಲ್ಲು ಹೇಗೆ ನುಣುಪಾಗುತ್ತದೆ ಹೇಳು ಎಂದರು. ಅವನು ಹೇಳಿದ. ಮೊದಲು ದಪ್ಪ ಉಳಿಯಲ್ಲಿ ಬೇಡದ್ದನ್ನೆಲ್ಲ ಒಡೆದು ತೆಗೆಯಬೇಕು. ಆಮೇಲೆ ಸಣ್ಣ ಉಳಿ. ಆಮೇಲೆ ಉಜ್ಜುವ ಕಲ್ಲಿನಿಂದ ನೀರು ಹಾಕಿ ಹಾಕಿ ಉಜ್ಜಬೇಕು. ಕಣ್ಣು ಬಿಡಿಸುವುದು ಎಲ್ಲಕ್ಕಿಂತ ಕೊನೆಗೆ. ಯಾವತ್ತೂ ಬಾಯಿ ಬಿಡದ ಹುಡುಗ ಅವನು. ಅವತ್ತು ಇಡೀ ಪೀರಿಯಡ್ಡು ಅವನದ್ದೇ ಆಯಿತು.

ಮಾರನೆಯ ದಿನ ಒರಟು ಬಟ್ಟೆ. ‘ನವಿರು’ ಬಂತು. ಒರಟು ಕೆಲಸ ಎಂದಾಗ ಟೈಲರ್ ಮಗ, “ನಾಜೂಕು ಸಾರ್. ಕಾಜಾ ಹಾಕೋದು ನಾಜೂಕು ಕೆಲಸ, ನಮ್ಮ ಅಬ್ಬಾ ನನ್ನ ಕೈಗೆ ಕೊಡಲ್ಲ” ಎಂದ. ನಾಜೂಕು ಪಾರಸಿಯಿಂದ ಬಂದ ಮಾತು ಎಂದು ಮೇಷ್ಟ್ರು ಹೇಳಿ, ಅದನ್ನೂ ನುಣುಪಿನ ಪಕ್ಕದಲ್ಲೇ ಬರೆದರು. ಒರಟು ದನಿಗೆ ‘ಇಂಪು’ ಸರಿಯೋ ‘ಮೆಲುದನಿ’ ಸರಿಯೋ ಎಂದು ಹುಡುಗಿಯರ ಬೆಂಚಿನಲ್ಲಿ ಜಗಳವೇ ಆಯಿತು. ಇಂಪು ಕಿವಿಗೆ ಬೇಕಾದದ್ದು, ಮೆಲುದನಿ ಎದುರಿಗಿರುವವರಿಗೆ ಬೇಕಾದದ್ದು, ಎರಡೂ ಇರಲಿ ಎಂದು ಮೇಷ್ಟ್ರು ತೀರ್ಮಾನ ಮಾಡಿದರು. ಮುದ್ದೆ ಗಂಟಾದರೆ ಒರಟು, ಗಂಟಿಲ್ಲದಿದ್ದರೆ ‘ನುಣ್ಣಗೆ’. ಹೆಂಚಿನ ಮಣ್ಣು ತುಳಿದು ಕಲಸುವವರ ಮನೆಯಿಂದ ‘ಹದ’ ಬಂತು. ಬೋರ್ಡು ತುಂಬಿತು. ಗೈಡಿನ ‘ನಯ’ ಒಂದು ಮೂಲೆಯಲ್ಲಿ ಕೂತಿತ್ತು.

“ಒರಟು ಕೈ” ಎಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ನಮ್ಮಮ್ಮನ ಕೈ ಒರಟು ಸಾರ್, ಇಟ್ಟಿಗೆ ಗೂಡಿಗೆ ಹೋಗ್ತಾಳೆ” ಎಂದಳು. ಕ್ಲಾಸು ಸುಮ್ಮನಾಯಿತು. ಮೇಷ್ಟ್ರು, “ಅದಕ್ಕೆ ವಿರುದ್ಧ ಪದ ಹುಡುಕೋದು ಬೇಡಮ್ಮ. ಹಾಗೇ ಬರ್ಕೊ” ಎಂದು ಮುಂದಿನ ಪದಕ್ಕೆ ಹೋದರು.

ಅವರು ನಡೆದುಕೊಳ್ಳುತ್ತಿದ್ದದ್ದೂ ಹಾಗೇ. ಬಿಳಿ ಪಂಚೆ, ತಿಳಿ ಬಣ್ಣದ ಷರಟು, ಸೈಕಲ್ ಹ್ಯಾಂಡಲಿಗೆ ತೂಗುಹಾಕಿದ ಬಟ್ಟೆ ಚೀಲ. ಶಾಲೆ ಗುಡಿಸುವ ಅಜ್ಜಿಯನ್ನು ಊರೆಲ್ಲ ಏಕವಚನದಲ್ಲಿ ಕರೆಯುತ್ತಿತ್ತು. ಇವರು ಮಾತ್ರ “ಬನ್ನಿ ಅಮ್ಮ, ಕಾಫಿ ಆಯ್ತಾ?” ಎಂದು ಕೇಳುತ್ತಿದ್ದರು. ನಮಗೆ ಯಾರಿಗೂ ಹೀಗೆ ಮಾಡಿ ಎಂದು ಅವರು ಹೇಳಿದ್ದಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಆ ಅಜ್ಜಿಯನ್ನು ‘ನೀನು’ ಎನ್ನುವ ಹುಡುಗ ನಮ್ಮ ಕ್ಲಾಸಿನಲ್ಲಿ ಇರಲಿಲ್ಲ. ನಯ ಮೇಷ್ಟ್ರು ಎನ್ನುವ ಅಡ್ಡಹೆಸರು ನಮಗಿಂತ ಮೊದಲಿನ ಬ್ಯಾಚಿನವರು ಇಟ್ಟಿದ್ದು. ಅವರ ಕಿವಿಗೂ ಬಿದ್ದಿತ್ತು. ಬೇಜಾರು ಮಾಡಿಕೊಳ್ಳಲಿಲ್ಲ.

ಒಂದು ಶುಕ್ರವಾರ ಹೋಂವರ್ಕ್ ಕೊಟ್ಟರು. “ಮನೆಗೆ ಹೋಗಿ ಅಜ್ಜಿ ತಾತ ಯಾವ ಯಾವ ಮಾತನ್ನ ಬಾಯಿಂದ ಆಡಲ್ಲ, ಅದರ ಬದಲು ಏನಂತಾರೆ ಅಂತ ಕೇಳ್ಕೊಂಡು ಬನ್ನಿ.” ಇದೆಂಥ ಹೋಂವರ್ಕ್ ಎಂದು ಅಂದುಕೊಂಡೇ ಹೋದೆವು. ಸೋಮವಾರ ಒಬ್ಬೊಬ್ಬರ ನೋಟ್‌ಬುಕ್ಕೂ ತುಂಬಿತ್ತು.

ದೀಪ ಆರಿಸು ಎನ್ನುವುದಿಲ್ಲ, ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಬಳೆ ಒಡೆಯಿತು ಎನ್ನುವುದಿಲ್ಲ, ‘ಬಳೆ ಹೆಚ್ಚಿತು’. ಡಬ್ಬದಲ್ಲಿ ಅಕ್ಕಿ ಖಾಲಿಯಾದರೆ ‘ಅಕ್ಕಿ ತುಂಬಿದೆ’ ಎನ್ನುತ್ತಾರೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎಂದರೆ ನನ್ನ ಅಜ್ಜಿ ವಾಪಸ್ಸು ಕರೆದು ‘ಹೋಗಿ ಬರ್ತೀನಿ’ ಅನ್ನಿಸುತ್ತಿದ್ದಳು. ಬಾಗಿಲು ಮುಚ್ಚು ಎನ್ನುವ ಬದಲು ‘ಬಾಗಿಲು ಮುಂದೆ ಮಾಡ್ಕೊ’. ಹಾವು ಕಚ್ಚಿದರೆ ‘ಹುಳ ಮುಟ್ತು’. ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’. ಬೆಳಗಿನ ಹೊತ್ತು ತಾತ ಎಲ್ಲಿ ಎಂದರೆ ‘ಕೆರೆ ಕಡೆ ಹೋಗಿದ್ದಾರೆ’. ಬೇಡಲು ಬಂದವರಿಗೆ ಹಾಕಲು ಏನೂ ಇಲ್ಲದಿದ್ದಾಗ ‘ಇಲ್ಲ’ ಎನ್ನುವಂತಿಲ್ಲ. ‘ಮುಂದಕ್ಕೆ ಹೋಗಿ ಬಾಪ್ಪ’ ಎನ್ನಬೇಕು. ಹೋಗು ಎಂದು ಬಿಟ್ಟುಬಿಡುವುದಿಲ್ಲ. ಬಾ ಎಂದೂ ಸೇರಿಸುತ್ತಾರೆ.

ಇನ್ನು ಸಾವಿಗೆ ಇರುವ ಮಾತುಗಳಂತೂ ಒಂದು ಪುಟ ಆದವು. ತೀರಿಕೊಂಡರು, ಹೋಗಿಬಿಟ್ಟರು, ದೈವಾಧೀನರಾದರು, ಶಿವಾಧೀನರಾದರು, ಲಿಂಗೈಕ್ಯರಾದರು, ವೈಕುಂಠವಾಸಿಗಳಾದರು. ಒಂದೊಂದು ಮನೆಗೆ ಒಂದೊಂದು ಮಾತು. ಮನುಷ್ಯರಿಗೆ ‘ಸತ್ತರು’ ಎನ್ನಲು ಯಾವ ಅಜ್ಜಿಗೂ ನಾಲಿಗೆ ಬಂದಿರಲಿಲ್ಲ.

ಮೇಷ್ಟ್ರು ಪ್ರತಿಯೊಂದನ್ನೂ ಓದಿಸಿದರು. ಆಮೇಲೆ ಕೇಳಿದರು: “ನಿಮ್ಮ ಅಜ್ಜಿಯರಲ್ಲಿ ಎಷ್ಟು ಜನಕ್ಕೆ ಓದೋಕೆ ಬರುತ್ತೆ?” ಇಡೀ ಕ್ಲಾಸಿನಲ್ಲಿ ಎದ್ದ ಕೈಗಳನ್ನು ಎಣಿಸಲು ಒಂದು ಕೈಯ ಬೆರಳುಗಳೂ ಜಾಸ್ತಿಯಾಗಿದ್ದವು.

ಆವತ್ತು ಅವರು ಹೇಳಿದ್ದನ್ನು ನಾನು ಯಾವತ್ತೂ ಮರೆತಿಲ್ಲ. ಪಂಡಿತರ ಪುಸ್ತಕಗಳಲ್ಲಿ ಒರಟು ಮಾತಿಗೆ ‘ಗ್ರಾಮ್ಯ’ ಎನ್ನುತ್ತಾರೆ. ಗ್ರಾಮದ್ದು ಅಂದರೆ ಹಳ್ಳಿಯದ್ದು. ಕಾವ್ಯದಲ್ಲಿ ಗ್ರಾಮ್ಯ ಎನ್ನುವುದು ಒಂದು ದೋಷ. ಒರಟಲ್ಲದ್ದಕ್ಕೆ ಸುಕುಮಾರತೆ, ಮಾಧುರ್ಯ, ಕಾಂತಿ ಎಂದು ಹೆಸರಿಟ್ಟು, ಕಾವ್ಯ ಹೇಗಿರಬೇಕು ಎಂದು ಸಂಸ್ಕೃತದಲ್ಲಿ ಬರೆದ ದಂಡಿ ಅವನ್ನೆಲ್ಲ ಕಾವ್ಯದ ಗುಣಗಳಲ್ಲಿ ಸೇರಿಸಿದ. ನಡತೆ ಚೆನ್ನಾಗಿರುವವರನ್ನು ‘ನಾಗರಿಕ’ ಎಂದರು, ಅದು ನಗರದಿಂದ ಬಂದ ಪದ. “ನೋಡಿ, ಒರಟುತನವನ್ನೆಲ್ಲ ಹಳ್ಳಿಗೆ ಕಟ್ಟಿ, ನಯವನ್ನೆಲ್ಲ ಪೇಟೆಗೆ ಬರೆದುಕೊಟ್ಟಿದ್ದಾರೆ” ಎಂದರು ಮೇಷ್ಟ್ರು. ಅವರ ದನಿಯಲ್ಲಿ ಸಿಟ್ಟಿತ್ತು. ನಾವು ಅವರ ಸಿಟ್ಟು ನೋಡಿದ್ದೇ ಅಪರೂಪ.

ಆಮೇಲೆ ಹಳಗನ್ನಡಕ್ಕೆ ಹೋದರು. 9ನೇ ಶತಮಾನದ ಕವಿರಾಜಮಾರ್ಗ. ದಂಡಿಯ ಹಾದಿಯಲ್ಲೇ ನಡೆದ ಪುಸ್ತಕ ಅದು. ಆದರೆ ಕನ್ನಡ ನಾಡಿನ ಜನರ ಮಾತು ಬಂದಾಗ ಅದು ಹೇಳುವುದೇ ಬೇರೆ. ‘ಪದನರಿದು ನುಡಿಯಲುಂ ನುಡಿದುದನರಿದಾರಯಲುಂ’ ಬಲ್ಲವರು ಈ ನಾಡಿನವರು ಎನ್ನುತ್ತದೆ. ಎಂಥ ಮಾತನ್ನು ಎಲ್ಲಿ ಆಡಬೇಕು ಎಂದು ತಿಳಿದು ಆಡುವವರು, ಬೇರೆಯವರು ಆಡಿದ್ದನ್ನು ತಿಳಿದು ಯೋಚಿಸುವವರು. ಮುಂದಕ್ಕೆ ‘ಕುರಿತೋದದೆಯುಂ’ ಎನ್ನುತ್ತದೆ, ಅಂದರೆ ಕೂತು ಓದದೆ ಇದ್ದರೂ. “ಇದು ನಿಮ್ಮ ಅಜ್ಜಿಯರ ಬಗ್ಗೆ ಬರೆದಿದ್ದು ಅಂತ ತಿಳ್ಕೊಳ್ಳಿ” ಎಂದರು. ಮೊಮ್ಮಕ್ಕಳಾದ ನಮಗೆ ಮೈಮೇಲೆ ಎರಡು ಇಂಚು ಮಾಂಸ ಬಂತು.

ಇಷ್ಟೆಲ್ಲ ಕಲಿತ ಮೇಲೆ ನಾವು ಸುಮ್ನೆ ಇರಲು ಸಾಧ್ಯವಾ?

ನಮ್ಮ ಕಡೆ ಊರೂರಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ಕುರುಕ್ಷೇತ್ರ ಆಡದ ಹಳ್ಳಿ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಆ ಮಾತುಗಳೆಲ್ಲ ನಮಗೆ ಬಾಯಿಪಾಠ. ನಯವಾದ ಮಾತು ಬೇಕಾದರೆ ನಾಟಕದ ಮಾತಿಗಿಂತ ನಯ ಯಾವುದಿದೆ ಎಂದು ನಮ್ಮ ಬೆಂಚಿನವರು ಯೋಚಿಸಿದೆವು. ಒಂದು ಶನಿವಾರ ಬೆಳಗಿನ ಮೊದಲ ಪೀರಿಯಡ್ಡು ಗಣಿತದ್ದು. ಸಂಭಾಷಣೆ ಬರೆದವನು ನಾನು. ಅದು ಚೆನ್ನಾಗಿಯೇ ಬಂದಿತ್ತು ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ಗಣಿತದ ಮೇಷ್ಟ್ರು ಬಂದವರೇ, “ಲೇ, ಡಸ್ಟರ್ ತಗೊಂಡು ಬಾರೋ” ಎಂದರು. ಮುಂದಿನ ಬೆಂಚಿನವನು ಎದ್ದು ಕೈ ಮುಗಿದು, “ಅಪ್ಪಣೆ ಮಹಾಪ್ರಭು! ಕರಿಹಲಗೆಯನ್ನು ಶುಭ್ರಗೊಳಿಸುವ ಆ ದಿವ್ಯ ಸಾಧನವನ್ನು ಇದೋ ತಮ್ಮ ಸನ್ನಿಧಿಗೆ ತಂದೊಪ್ಪಿಸುತ್ತೇನೆ” ಎಂದ. ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. “ಲೆಕ್ಕ ಮಾಡಿದ್ಯೇನೋ?” ಎಂದು ಎರಡನೆಯವನನ್ನು ಕೇಳಿದರು. “ಈ ದಾಸಾನುದಾಸನ ಅಲ್ಪಮತಿಗೆ ಆ ಸಮೀಕರಣವು ನಿಲುಕಲಿಲ್ಲ ಸ್ವಾಮಿ” ಎಂದ. ಮೂರನೆಯವನ ಹೊತ್ತಿಗೆ ಹುಡುಗಿಯರು ದುಪಟ್ಟಾ ಬಾಯಿಗೆ ತುರುಕಿಕೊಂಡಿದ್ದರು. ಗಣಿತದ ಮೇಷ್ಟ್ರ ಮುಖ ಕೆಂಪಾಯಿತು. ಹುಣಸೆ ಬರಲು ತರಿಸಿದರು. ನಾಲ್ಕು ಜನಕ್ಕೆ ಅಂಗೈ ಮೇಲೆ ಬಿತ್ತು. ಆಮೇಲೆ ಅವರು ಪಾಠವನ್ನೇ ಮಾಡದೆ ಹೊರಟುಹೋದರು.

ಸುದ್ದಿ ಕನ್ನಡ ಮೇಷ್ಟ್ರಿಗೆ ಹೋಯಿತು. ಬಂದು ಕೂತರು. ಬರೆದವರು ಯಾರು ಎಂದು ಕೇಳಿದರು. ನಾನು ಎದ್ದು ನಿಂತೆ. ಆ ಹಾಳೆ ಈಸಿಕೊಂಡು ಪೂರ್ತಿ ಓದಿದರು. “ಪದಗಳು ಚೆನ್ನಾಗಿವೆ” ಎಂದರು. ಮೇಲೆ ನೋಡಿ, “ಇದನ್ನ ಕೇಳಿ ಅವರಿಗೆ ಖುಷಿ ಆಯ್ತಾ?” ಎಂದು ಕೇಳಿದರು.

“ಇಲ್ಲ ಸಾರ್.”

“ಹಾಗಾದ್ರೆ ಇದು ಒರಟು ಮಾತೇ. ರೇಷ್ಮೆ ಬಟ್ಟೆಯಲ್ಲಿ ಕಲ್ಲು ಸುತ್ತಿ ಹೊಡೆದಿದ್ದೀರಿ.”

ಆಮೇಲೆ ಗಣಿತದ ಮೇಷ್ಟ್ರ ಮಾತು ಬಂತು. ಅವರ ಬಾಯಲ್ಲಿ ‘ಲೇ’ ಇಲ್ಲದೆ ವಾಕ್ಯ ಶುರುವಾಗುತ್ತಿರಲಿಲ್ಲ. ಆದರೆ ಲೆಕ್ಕ ಬಾರದವರನ್ನು ಸಂಜೆ ಕೂರಿಸಿಕೊಂಡು, ಒಂದು ಪೈಸೆ ತೆಗೆದುಕೊಳ್ಳದೆ ಹೇಳಿಕೊಡುತ್ತಿದ್ದವರು ಅವರೇ. “ಲೇ, ಊಟ ಮಾಡಿದ್ಯೇನೋ, ಮುಖ ಯಾಕೆ ಬಾಡಿದೆ?” ಎಂದು ಕೇಳುತ್ತಿದ್ದವರೂ ಅವರೇ. “ಆ ‘ಲೇ’ ಒಳಗೆ ಏನಿದೆ, ನಿಮ್ಮ ‘ಮಹಾಪ್ರಭು’ ಒಳಗೆ ಏನಿತ್ತು, ಯೋಚನೆ ಮಾಡಿ” ಎಂದರು ಕನ್ನಡ ಮೇಷ್ಟ್ರು. ನಾವು ಹೋಗಿ ಕ್ಷಮೆ ಕೇಳಿದೆವು. ಗಣಿತದ ಮೇಷ್ಟ್ರು, “ಹೋಗ್ರೋ ಹೋಗ್ರೋ, ಸೋಮವಾರ ಲೆಕ್ಕ ಮಾಡ್ಕೊಂಡು ಬನ್ನಿ” ಎಂದರು. ಅಲ್ಲಿಗೆ ಮುಗಿಯಿತು.

ಅದೇ ವಾರ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಬಸವಣ್ಣನವರ ಒಂದು ವಚನ ಬರೆದರು. ‘ಏನಿ ಬಂದಿರಿ, ಹದುಳವಿದ್ದಿರೆ ಎಂದಡೆ ನಿಮ್ಮ ಮೈಸಿರಿ ಹಾರಿ ಹೋಹುದೆ? ಕುಳ್ಳಿರೆಂದಡೆ ನೆಲ ಕುಳಿಹೋಹುದೆ?’ ಹದುಳ ಎಂದರೆ ಕ್ಷೇಮ. ಏನು ಬಂದಿರಿ, ಚೆನ್ನಾಗಿದ್ದೀರಾ ಎಂದು ಕೇಳಿದರೆ ನಿಮ್ಮ ಸಿರಿ ಹಾರಿಹೋಗುತ್ತದೆಯೇ, ಕೂತುಕೊಳ್ಳಿ ಎಂದರೆ ನೆಲದಲ್ಲಿ ಗುಂಡಿ ಬೀಳುತ್ತದೆಯೇ ಎಂದು ಕೇಳುತ್ತಾರೆ. ಇದರಲ್ಲಿ ಮಹಾಪ್ರಭುವೂ ಇಲ್ಲ, ಸನ್ನಿಧಿಯೂ ಇಲ್ಲ. ಬನ್ನಿ, ಕೂತುಕೊಳ್ಳಿ, ಚೆನ್ನಾಗಿದ್ದೀರಾ, ಅಷ್ಟೇ. ವಚನದ ಕೊನೆಯಲ್ಲಿ ಕೊಡುವುದೂ ಇಲ್ಲದ, ಇಷ್ಟು ಗುಣವೂ ಇಲ್ಲದ ಜನರನ್ನು ಕೆಡವಿ ಮೂಗು ಕೊಯ್ಯುವ ಮಾತು ಬರುತ್ತದೆ. ನಾವು ನಕ್ಕೆವು. “ನಯದ ಪಾಠ ಹೇಳ್ತಾ ಹೇಳ್ತಾ ಮೂಗು ಕೊಯ್ಯೋದಾ ಸಾರ್?” ಎಂದು ಒಬ್ಬ ಕೇಳಿಯೇ ಬಿಟ್ಟ. ಮೇಷ್ಟ್ರೂ ನಕ್ಕರು. ಬಂದವರನ್ನು ಮಾತಾಡಿಸದವರ ಮೇಲೆ ಅಷ್ಟು ಸಿಟ್ಟು ಬರಬೇಕಾದದ್ದೇ ಎಂದರು. ನಯವಾಗಿರುವುದು ಅಂದರೆ ಸಿಟ್ಟೇ ಬಾರದ ಹಾಗೆ ಇರುವುದು ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ.

ಒಂದು ಮಾತಿನ ಮೇಲೆ ಮಾತ್ರ ಅವರಿಗೆ ಅನುಮಾನ ಇತ್ತು. ಅದು ‘ನೋಡೋಣ’. ಮಾಡುವ ಮನಸ್ಸಿಲ್ಲದಿದ್ದರೂ ‘ನೋಡೋಣ’ ಎಂದು ಕಳಿಸುವುದು, ಎದುರಿನವರು ಆಸೆ ಇಟ್ಟುಕೊಂಡು ಮತ್ತೆ ಮತ್ತೆ ಬರುವುದು. ಆಗದಿದ್ದರೆ ‘ಆಗಲ್ಲಪ್ಪ’ ಎಂದು ಕೂರಿಸಿ ಹೇಳಬೇಕು, ಅದೇ ಹೆಚ್ಚು ನಯ ಎನ್ನುತ್ತಿದ್ದರು. ಸರ್ಕಾರಿ ಕಚೇರಿ ಅಲೆದವರಿಗೆ ಇದರ ಬೆಲೆ ಗೊತ್ತು.

ನಾವು ಹೈಸ್ಕೂಲಿನಲ್ಲಿದ್ದ ಕಾಲವೇ 1983ನೇ ಸಾಲಿನ ಜ್ಞಾನಪೀಠ ಮಾಸ್ತಿ ವೆಂಕಟೇಶ ಅಯ್ಯಂಗಾರರಿಗೆ ಬಂದದ್ದು. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ. ಮಾಸ್ತಿ ನಮ್ಮ ತಾಲ್ಲೂಕಿನ ಊರು. ಅವತ್ತು ಮೇಷ್ಟ್ರು ತಮ್ಮ ದುಡ್ಡಿನಲ್ಲಿ ಇಡೀ ಶಾಲೆಗೆ ಪೆಪ್ಪರಮಿಂಟು ಹಂಚಿದರು. ಮಾಸ್ತಿಯವರ ಮನೆಮಾತು ತಮಿಳು ಎಂದು ಕೇಳಿ ತೆಲುಗು ಮನೆಯ ಹುಡುಗರಿಗೆ ಆದ ಧೈರ್ಯ ಅಷ್ಟಿಷ್ಟಲ್ಲ. ಮೇಷ್ಟ್ರು ಮಾಸ್ತಿಯವರ ಒಂದು ಸಣ್ಣಕತೆಯನ್ನು ಓದಿ ಹೇಳಿದರು. ಸಣ್ಣ ಸಣ್ಣ ವಾಕ್ಯ, ಮನೆಯಲ್ಲಿ ಆಡುವ ಮಾತು. ಯಾರೂ ಕೂಗುವುದಿಲ್ಲ. ಕೆಟ್ಟದ್ದು ಮಾಡಿದವರ ಬಗ್ಗೆಯೂ ಬರೆಯುವವರ ದನಿ ಏರುವುದಿಲ್ಲ. “ಬೋರ್ಡಿನ ಮೇಲೆ ಇಷ್ಟು ದಿನ ಬರೆದಿದ್ದೆಲ್ಲ ಇಲ್ಲಿದೆ ನೋಡಿ” ಎಂದು ಪುಸ್ತಕ ಮುಚ್ಚಿದರು. 1986ರ ಜೂನ್ 6ರಂದು, ತಮ್ಮ ಹುಟ್ಟಿದ ದಿನದಂದೇ ಮಾಸ್ತಿಯವರು ತೀರಿಕೊಂಡಾಗ ನಾನು ಶಾಲೆ ಬಿಟ್ಟಾಗಿತ್ತು. ಮೇಷ್ಟ್ರ ಮನೆಗೆ ಹೋಗಿ ಅವರ ಜೊತೆ ಸ್ವಲ್ಪ ಹೊತ್ತು ಕೂತು ಬಂದೆ.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ಅದು ಮೇಷ್ಟ್ರಿಗೆ 
ಸೇರಬೇಕಾದ ಲೆಕ್ಕ. ನಾನು ಬ್ಯಾಂಕಿಗೆ ಸೇರಿದೆ. ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ನಮ್ಮ ಸೀಮೆಯ ಒಂದು ಹಳ್ಳಿ ಶಾಖೆಗೆ ಮ್ಯಾನೇಜರ್ ಆಗಿ ಬಂದೆ. ಬರಗಾಲದ ವರ್ಷ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ, ಕೆರೆ ಬತ್ತಿದರೆ ಬೋರ್‌ವೆಲ್, ಅದೂ ಬತ್ತಿದರೆ ಸಾಲ. ಬಾಕಿದಾರರಿಗೆ ಕಳಿಸುವ ನೋಟಿಸು ಅಚ್ಚಾಗಿ ಬಂದಿತ್ತು. ‘ಈ ನೋಟಿಸು ತಲುಪಿದ ಏಳು ದಿನಗಳೊಳಗಾಗಿ ಬಾಕಿ ಮೊಬಲಗನ್ನು ಪಾವತಿಸತಕ್ಕದ್ದು, ತಪ್ಪಿದಲ್ಲಿ ನಿಮ್ಮ ವಿರುದ್ಧ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು.’ ಇದು ಮನೆಗೆ ಹೋದರೆ ರೈತ ಬ್ಯಾಂಕಿನ ರಸ್ತೆಯಲ್ಲೇ ಓಡಾಡುತ್ತಿರಲಿಲ್ಲ. ಅದರ ಜೊತೆಗೆ ನಾನು ಕೈಯಲ್ಲಿ ಬರೆದ ಒಂದು ಕಾಗದ ಇಡಲು ಶುರು ಮಾಡಿದೆ. ‘ನಮಸ್ಕಾರ. ನಿಮ್ಮ ಸಾಲದ ಕಂತು ನಿಂತಿದೆ. ಈ ಸಲ ಮಳೆ ಹೇಗಾಯಿತು ಎಂದು ನಮಗೂ ಗೊತ್ತು. ಒಂದು ಸಲ ಬನ್ನಿ, ಕೂತು ಮಾತಾಡೋಣ. ಎಷ್ಟು ಆಗುತ್ತದೆ, ಯಾವಾಗ ಆಗುತ್ತದೆ ಎಂದು ಸೇರಿಕೊಂಡು ಲೆಕ್ಕ ಹಾಕೋಣ.’

ಜನ ಬಂದರು. ಎಲ್ಲರೂ ಕಟ್ಟಿದರು ಎಂದು ಹೇಳುತ್ತಿಲ್ಲ, ಆದರೆ ಬಂದರು, ಕೂತರು, ಕಷ್ಟ ಹೇಳಿಕೊಂಡರು. ಹಲವರು ಕಂತು ಮಾಡಿಕೊಂಡು ತೀರಿಸಿದರು. ಮೇಲಿನ ಕಚೇರಿಯವರು ಆ ಕಾಗದ ತರಿಸಿಕೊಂಡು ನೋಡಿ ಬೇರೆ ಶಾಖೆಗಳಿಗೂ ಕಳಿಸಿದರು. ಸಭೆಯಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ. ಆ ಕಾಗದದ ಒಂದು ಪ್ರತಿಯನ್ನು ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿ, “‘ಕೂತು ಮಾತಾಡೋಣ’ ಅಂತ ಬರೆದಿದ್ದೀಯಲ್ಲ, ಬಂದವರಿಗೆ ಕುರ್ಚಿ ಇದೆಯಾ?” ಎಂದು ಕೇಳಿದರು. ಇರಲಿಲ್ಲ. ಬಾಕಿದಾರರು ಕೌಂಟರಿನ ಮುಂದೆ ನಿಂತೇ ಇರುತ್ತಿದ್ದರು. ಮಾರನೆಯ ವಾರ ಎರಡು ಬೆಂಚು ಹಾಕಿಸಿದೆ.

ಈಗಿನ ಶಾಲೆಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮಕ್ಕಳನ್ನು ಬೈಯುತ್ತಿಲ್ಲ, ಅವರು ನಮಗಿಂತ ಚುರುಕು. ನನ್ನ ಮೊಮ್ಮಗಳ ಪ್ರಶ್ನೆಪತ್ರಿಕೆಯಲ್ಲಿ ವಿರುದ್ಧ ಪದಕ್ಕೆ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕಿ ಎನ್ನುತ್ತಾರೆ. ಬರೆಯುವುದೂ ಬೇಡ. ಗೈಡಿನ ಕಾಲದಲ್ಲಿ ಕನಿಷ್ಠ ‘ನಯ’ ಎಂದು ನಮ್ಮ ಕೈಯಾರೆ ಬರೆಯುತ್ತಿದ್ದೆವು. ಮೇಷ್ಟ್ರುಗಳಿಗಾದರೂ ಪುರುಸೊತ್ತು ಎಲ್ಲಿದೆ? ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನಿನಲ್ಲಿ ಮಾಹಿತಿ ತುಂಬುವುದು, ಗಣತಿ. ಒಂದು ಪದಕ್ಕೆ ಒಂದು ಪೀರಿಯಡ್ಡು ಕೊಟ್ಟರೆ ಸಿಲಬಸ್ ಮುಗಿಸಿಲ್ಲ ಎಂದು ಕೇಳುವವರು ಸಾಲಾಗಿ ನಿಂತಿರುತ್ತಾರೆ.

ಖಾಸಗಿ ಶಾಲೆಗಳಲ್ಲಿ ಪ್ಲೀಸ್, ಸಾರಿ, ಥ್ಯಾಂಕ್ಯೂ ಎಂದು ಮೂರು ಮಾತು ಕಲಿಸುತ್ತಾರೆ. ತಪ್ಪೇನಿಲ್ಲ. ಆದರೆ ನಮ್ಮ ಮಾತಿನಲ್ಲಿ ಅದಕ್ಕೆಲ್ಲ ಬೇರೆ ದಾರಿ ಇದೆ. ‘ಕೊಡು’ ಎನ್ನುವುದನ್ನು ‘ಕೊಡ್ತೀರಾ’ ಎಂದರೆ ಪ್ಲೀಸ್ ಅದರಲ್ಲೇ ಇದೆ. ಥ್ಯಾಂಕ್ಯೂ ಎಂದು ನನ್ನ ಅಜ್ಜಿ ಯಾರಿಗೂ ಹೇಳಿದವಳಲ್ಲ. ಬಿಸಿಲಲ್ಲಿ ಯಾರಾದರೂ ಒಂದು ಕೊಡ ನೀರು ಇಳಿಸಿಕೊಟ್ಟರೆ, “ನಿನ್ನ ಹೊಟ್ಟೆ ತಣ್ಣಗಿರಲಪ್ಪ” ಎನ್ನುತ್ತಿದ್ದಳು. ಮಕ್ಕಳಿಗೆ ಎರಡೂ ಬರಲಿ ಎನ್ನುವುದು ನನ್ನ ಆಸೆ. ಮನೆಯಲ್ಲಿ ಅಜ್ಜಿ ಇಲ್ಲದ ಮಕ್ಕಳು ಇದನ್ನು ಎಲ್ಲಿ ಕೇಳಬೇಕು? ಶಾಲೆಯಲ್ಲೇ ಅಲ್ವಾ?

ಮೇಷ್ಟ್ರ ತಿಥಿಯ ದಿನ ನಮ್ಮ ಬ್ಯಾಚಿನವರು ಸಾಕಷ್ಟು ಜನ ಸೇರಿದ್ದೆವು. ಗಣಿತದ ಮೇಷ್ಟ್ರು ಕೋಲು ಊರಿಕೊಂಡು ಬಂದಿದ್ದರು. ನನ್ನ ಗುರುತು ಹಿಡಿದು, “ಲೇ, ದಿವ್ಯ ಸಾಧನ!” ಎಂದರು. ಅಷ್ಟು ವರ್ಷದ ಮೇಲೂ ಅವರಿಗೆ ಸಂಭಾಷಣೆ ನೆನಪಿತ್ತು. ಇಟ್ಟಿಗೆ ಗೂಡಿನ ಹುಡುಗಿ ಈಗ ಒಂದು ಪ್ರಾಥಮಿಕ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್. ಶಿವಾರಪಟ್ಟಣದ ಗೆಳೆಯ ಅಪ್ಪನ ಕೆಲಸವನ್ನೇ ಮುಂದುವರಿಸಿದ್ದಾನೆ. ಅವನು ಕಂಕುಳಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಬಂದಿದ್ದ. ಬಿಚ್ಚಿದರೆ ಅವನ ಒಂಬತ್ತನೇ ಕ್ಲಾಸಿನ ಕನ್ನಡ ನೋಟ್‌ಬುಕ್. ನಮ್ಮ ನಮ್ಮ ನೋಟ್‌ಬುಕ್ಕುಗಳು ಯಾವಾಗಲೋ ಹಳೇ ಪೇಪರಿನವನ ತಕ್ಕಡಿ ಹತ್ತಿದ್ದವು. ಇವನು ಹಾಗೇ ಇಟ್ಟಿದ್ದ. ಬೋರ್ಡಿನ ಮೇಲೆ ಬಂದ ಪದಗಳು, ಅಜ್ಜಿಯರ ಮಾತುಗಳು, ಯಾರ ಮನೆಯಿಂದ ಯಾವುದು ಬಂತು ಎನ್ನುವುದೂ ಸಮೇತ ಎಲ್ಲವೂ ಅದರಲ್ಲಿವೆ.

ಅದನ್ನು ನಾವು ಟೈಪು ಮಾಡಿಸಿದ್ದೇವೆ. ಪ್ರತಿಗಳನ್ನು ಶಾಲೆಯ ಲೈಬ್ರರಿಗೆ ಕೊಡುತ್ತಿದ್ದೇವೆ. ಕೊನೆಯಲ್ಲಿ ಖಾಲಿ ಹಾಳೆಗಳನ್ನು ಸೇರಿಸಿ ಹೊಲಿಸಿದ್ದೇವೆ. ಈಗ ಓದುತ್ತಿರುವ ಮಕ್ಕಳು ಮನೆಯಲ್ಲಿ ಕೇಳಿದ ಮಾತು ಯಾವುದಾದರೂ ಇದ್ದರೆ, ತೆಲುಗಿನದ್ದಾಗಲಿ, ಉರ್ದುವಿನದ್ದಾಗಲಿ, ಅದರಲ್ಲಿ ಬರೆಯಬಹುದು. ಯಾರು ಹೇಳಿದ್ದು ಎಂದು ಪಕ್ಕದಲ್ಲಿ ಬರೆಯುವುದನ್ನು ಮರೆಯಬೇಡಿ. ‘ನಮ್ಮಜ್ಜಿ’ ಎಂದಷ್ಟೇ ಬರೆದರೂ ಸಾಕು.